ಶಹಾಬಾದ್ ಕಲ್ಲಿನ ಮೇಲೊಂದು ನೀರಿನ ಕಿಟ್: ಯಾವುದು ಕರಗುತ್ತದೆ, ಯಾವುದು ಕರಗುವುದಿಲ್ಲ, ಏಕೆ

‘ನೀರು ಧ್ರುವೀಯ ದ್ರಾವಕ’ ಎಂಬ ಸಾಲು ಹೈಸ್ಕೂಲಿನಿಂದ ಪಿಯುಸಿವರೆಗೆ ಎಲ್ಲ ಮಕ್ಕಳಿಗೂ ಬಾಯಿಪಾಠ. ಅಂದರೆ ನೀರಿನ ಅಣುವಿನ ಒಂದು ಬದಿ ತುಸು ಧನ, ಇನ್ನೊಂದು ಬದಿ ತುಸು ಋಣ. ಅದನ್ನು ಕೈಯಲ್ಲಿ ಮುಟ್ಟಿ ನೋಡಲು ಕಲಬುರಗಿ ಪೇಟೆಯಲ್ಲಿ ಸಿಗುವ ಸಾಮಾನಿನಿಂದ ಕಟ್ಟಬಹುದಾದ ಕಿಟ್ಟಿನ ವಿವರ ಇಲ್ಲಿದೆ. ಕಟ್ಟುವಾಗ ಪಾಲಿಸಬೇಕಾದ ನಿಯಮ ಒಂದೇ: ‘ಇದು ಆಗುತ್ತದೆ’ ಎಂದು ತೋರಿಸುವ ಪ್ರತಿ ಪ್ರಯೋಗದ ಪಕ್ಕದಲ್ಲಿ ‘ಇದು ಆಗುವುದಿಲ್ಲ’ ಎಂಬ ಜೋಡಿ ಇರಬೇಕು. ಉಪ್ಪು ಕರಗಿತು ಎಂದು ತೋರಿಸಿದರೆ ಏನೂ ತೋರಿಸಿದಂತಾಗಲಿಲ್ಲ, ಅದು ಮಕ್ಕಳಿಗೆ ಮೊದಲೇ ಗೊತ್ತು. ಉಪ್ಪಿನ ಹಾಗೆಯೇ ಅಯಾನುಗಳಿಂದ, ಅಂದರೆ ವಿದ್ಯುದಂಶ ಹೊತ್ತ ಕಣಗಳಿಂದ, ಆದ ಕಾಲ ಕೆಳಗಿನ ಕಲ್ಲು ಯಾಕೆ ಕರಗಲಿಲ್ಲ ಎಂದು ಕೇಳಿದಾಗ ಪಾಠ ಶುರುವಾಗುತ್ತದೆ.

ಮೊದಲು ನೀರು

ಈ ಭಾಗದ ಬೋರ್‌ವೆಲ್ ನೀರಿನಲ್ಲಿ ಈ ಕಿಟ್ ಕೆಲಸ ಮಾಡುವುದಿಲ್ಲ. ಸೇಡಂ, ಚಿತ್ತಾಪುರ, ಶಹಾಬಾದ್ ಸುತ್ತ ನೆಲದಡಿ ಇರುವುದು ಸುಣ್ಣದಕಲ್ಲು. ಅದರ ಮೂಲಕ ಹಾದು ಬಂದ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬನೇಟ್ ಹೊತ್ತೇ ಬರುತ್ತದೆ. ‘ಬೋರಿನ ನೀರಾಗ ಬ್ಯಾಳಿ ಬೇಯಂಗಿಲ್ಲ’ ಅನ್ನುವುದು ಇದನ್ನೇ. ತೊಗರಿ ಬೇಳೆಯ ಪೆಕ್ಟಿನ್ನಿಗೆ ಕ್ಯಾಲ್ಸಿಯಂ ಸಿಕ್ಕಿ ಬೇಳೆ ಗಟ್ಟಿಯಾಗಿಯೇ ಉಳಿಯುತ್ತದೆ. ಈ ಕಿಟ್ಟಿನಲ್ಲಿ ನೀರಿನ ಮೂಲಕ ಕರೆಂಟು ಹರಿದರೆ ಹೊತ್ತುವ ಒಂದು ದೀಪ ಇದೆ. ಏನೂ ಹಾಕುವ ಮೊದಲೇ ಇಂಥ ನೀರು ಅದನ್ನು ಹೊತ್ತಿಸಿಬಿಡುತ್ತದೆ. ಆರ್‌ಒ ನೀರಿನಲ್ಲೂ ಸಾಕಷ್ಟು ಲವಣ ಉಳಿದಿರುತ್ತದೆ.

ಬೇಕಿರುವುದು ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್, ಐದು ಲೀಟರಿನ ಒಂದು ಕ್ಯಾನ್. ತಂದ ಕೂಡಲೇ ಟಿಡಿಎಸ್ ಪೆನ್ (ನೀರಿನಲ್ಲಿರುವ ಲವಣದ ಅಂದಾಜು ತೋರಿಸುವ ಮೀಟರ್) ಅದ್ದಿ ನೋಡಿ. 5 ಪಿಪಿಎಂ ಒಳಗಿದ್ದರೆ ಸರಿ, 20 ದಾಟಿದರೆ ಅಂಗಡಿಗೆ ವಾಪಸ್. ಕ್ಯಾನಿನಿಂದ ನೇರವಾಗಿ ಅಳತೆಗೆ ಬಗ್ಗಿಸಬಾರದು. ಗಾಜಿನ ಲೋಟ, ಕೊಳವೆ, ಚಮಚ ಎಲ್ಲವನ್ನೂ ಅದೇ ನೀರಿನಿಂದ ಎರಡು ಸಲ ಅಲುಬಿದ ಮೇಲೆ ಬಳಸಿ. ನಲ್ಲಿ ನೀರಲ್ಲಿ ತೊಳೆದು ಒಣಗಿಸಿದ ಲೋಟದಲ್ಲಿ ಕಣ್ಣಿಗೆ ಕಾಣದ ಲವಣದ ಪೊರೆ ಉಳಿದಿರುತ್ತದೆ. ಸಂಶಯ ಬರುವ ಫಲಿತಾಂಶಗಳಲ್ಲಿ ಅರ್ಧಕ್ಕರ್ಧ ಆ ಪೊರೆಯ ಕೆಲಸ.

ಹಲಗೆ ಮತ್ತು ದೀಪ

ತಳಕ್ಕೆ ಒಂದಡಿ ಚದರದ, ಎರಡು ಸೆಂ.ಮೀ. ದಪ್ಪದ ಶಹಾಬಾದ್ ಕಲ್ಲು, ಅಂದರೆ ಈ ಭಾಗದ ಸುಣ್ಣದಕಲ್ಲು. ನಾಲ್ಕೂವರೆ ಕಿಲೋ ಮೇಲೆ ತೂಗುವುದರಿಂದ ಸ್ಟ್ಯಾಂಡ್ ಅಲುಗಾಡುವುದಿಲ್ಲ. ಸ್ಟ್ಯಾಂಡಿನ ಕಂಬಿಗೆ 10 ಮಿ.ಮೀ. ಬಿಟ್ಟಿನಲ್ಲಿ ಎರಡು ತೂತು ಕೊರೆಯಿರಿ. ಡ್ರಿಲ್ ಯಂತ್ರದ ಹ್ಯಾಮರ್ ಗುಂಡಿ ಆಫ್ ಇರಲಿ. ಈ ಕಲ್ಲು ಪದರ ಪದರವಾಗಿ ಕೂತದ್ದು, ಬಡಿತಕ್ಕೆ ಚಕ್ಕೆ ಏಳುತ್ತದೆ. ಮೆಲ್ಲಗೆ, ನೀರು ಹಾಕದೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೊರೆಯಿರಿ. ಎರಡು ತೂತಿನಿಂದ ಏಳೆಂಟು ಗ್ರಾಂ ನುಣುಪಾದ ಬೂದು ಪುಡಿ ಬರುತ್ತದೆ. ಗುಡಿಸಿ ಹಾಕಬೇಡಿ. ಕೊನೆಯ ಪ್ರಯೋಗಕ್ಕೆ ಬೇಕಾದ ಮಾದರಿ ಅದೇ.

ದೀಪದ ಸರ್ಕಿಟ್ ಸರಳ: 9 ವೋಲ್ಟ್ ಬ್ಯಾಟರಿ, 470 ಓಮ್ ರೆಸಿಸ್ಟರ್, ಕೆಂಪು ಎಲ್‌ಇಡಿ, ಎರಡು ಇಂಗಾಲದ ಕಡ್ಡಿ, ಎಲ್ಲ ಸಾಲಾಗಿ. ಕಡ್ಡಿಗಳನ್ನು ಹಳೆಯ ಪೆನ್ಸಿಲ್ ಸೆಲ್ಲುಗಳಿಂದ ತೆಗೆಯಬಹುದು, ಆದರೆ ಅವು ಸಾದಾ ಕಾರ್ಬನ್-ಸತು ಸೆಲ್ಲುಗಳಾಗಿರಬೇಕು. ಆಲ್ಕಲೈನ್ ಸೆಲ್ಲಿನಲ್ಲಿ ಕಡ್ಡಿ ಇರುವುದಿಲ್ಲ, ಒಳಗಿನ ಕ್ಷಾರ ಚರ್ಮ ಸುಡುತ್ತದೆ. ತೆಗೆದ ಕಡ್ಡಿಗೆ ಮೇಣದ ಲೇಪ ಇರುತ್ತದೆ. ಮರಳು ಕಾಗದದಲ್ಲಿ ಉಜ್ಜಿ, ಕುದಿಯುವ ನೀರಲ್ಲಿ ಹತ್ತು ನಿಮಿಷ ಇಟ್ಟು ಒರೆಸಿ. ಕಡ್ಡಿಗಳ ನಡುವೆ ಒಂದು ಸೆಂ.ಮೀ. ಜಾಗ, ನೀರಿನಲ್ಲಿ ಮುಳುಗುವುದು ಎರಡು ಸೆಂ.ಮೀ. ಮುಳುಗುವ ಗೆರೆಯನ್ನು ಗುರುತು ಮಾಡಿ. ಆಳ ಬದಲಾದರೆ ಬೆಳಕೂ ಬದಲಾಗುತ್ತದೆ, ಆಮೇಲೆ ಹೋಲಿಕೆಗೆ ಅರ್ಥವಿಲ್ಲ.

ಈಗಿನ ಎಲ್‌ಇಡಿಗಳದ್ದು ಒಂದು ತಕರಾರು. ಮಿಲಿ ಆಂಪಿಯರಿನ ಹತ್ತರಲ್ಲೊಂದು ಭಾಗಕ್ಕೂ ಮಿಣುಕುತ್ತವೆ, ಡಿಸ್ಟಿಲ್ಡ್ ನೀರಲ್ಲೂ ಮಬ್ಬಾಗಿ ಹೊತ್ತಿ ಪ್ರಯೋಗ ಹಾಳು ಮಾಡುತ್ತವೆ. ಇದಕ್ಕೆ ಎಲ್‌ಇಡಿಯ ಎರಡು ಕಾಲಿಗೆ ಅಡ್ಡಲಾಗಿ 4.7 ಕಿಲೋ ಓಮ್ ರೆಸಿಸ್ಟರ್ ಬೆಸೆಯಿರಿ. ಕೆಂಪು ಎಲ್‌ಇಡಿ ಹೊತ್ತಲು ಸುಮಾರು 1.8 ವೋಲ್ಟ್ ಬೇಕು. 0.38 ಮಿಲಿ ಆಂಪಿಯರ್ ತನಕದ ಕರೆಂಟು ಆ ರೆಸಿಸ್ಟರಿನಲ್ಲೇ ಹರಿದುಹೋಗುವುದರಿಂದ ದೀಪ ಪೂರ್ತಿ ಆರಿರುತ್ತದೆ. ಡಿಸ್ಟಿಲ್ಡ್ ನೀರಲ್ಲಿ ಕತ್ತಲೆ, ಬೋರಿನ ನೀರಲ್ಲಿ ಝಗ್ ಅಂತ ಬೆಳಕು: ಇಷ್ಟು ಬಂದರೆ ದೀಪ ತಯಾರು.

ತಾಮ್ರದ ತಂತಿಯನ್ನೇ ನೀರಿಗಿಳಿಸುವ ಸುಲಭ ದಾರಿ ಬೇಡ. ಧನ ಬದಿಯ ತಾಮ್ರ ತಾನೇ ಕರಗಿ ನೀರಿಗೆ ಅಯಾನು ಸೇರಿಸುತ್ತದೆ. ಇಂಗಾಲದ ಕಡ್ಡಿಯಲ್ಲೂ ಉಪ್ಪು ನೀರಿನ ಪರೀಕ್ಷೆ ಐದು ಸೆಕೆಂಡಿಗಿಂತ ಹೆಚ್ಚು ಬೇಡ. ಕ್ಲೋರಿನ್ ವಾಸನೆ ಬಂತೆಂದರೆ ಹೊತ್ತು ಮೀರಿದೆ.

ಮೊದಲ ಜೋಡಿ ಉಪ್ಪು ಮತ್ತು ಸಕ್ಕರೆ. ಎರಡು ಲೋಟದಲ್ಲಿ 50 ಮಿ.ಲೀ. ನೀರು, ಒಂದಕ್ಕೆ ಒಂದು ಗ್ರಾಂ ಉಪ್ಪು, ಇನ್ನೊಂದಕ್ಕೆ ಐದು ಗ್ರಾಂ ಸಕ್ಕರೆ. ಎರಡೂ ಪೂರ್ತಿ ಕರಗುತ್ತವೆ, ದೀಪ ಹೊತ್ತುವುದು ಉಪ್ಪಿನಲ್ಲಿ ಮಾತ್ರ. ಸಕ್ಕರೆ ನೀರಿಗೆ ಟಿಡಿಎಸ್ ಪೆನ್ ಅದ್ದಿಸಿ ತೋರಿಸಿ. ಐದು ಗ್ರಾಂ ಕರಗಿದ್ದರೂ ಪೆನ್ ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ, ಯಾಕೆಂದರೆ ಅದು ಅಳೆಯುವುದು ವಿದ್ಯುತ್ ಹರಿವನ್ನು, ಕರಗಿದ್ದನ್ನಲ್ಲ. ಸಕ್ಕರೆಯ ಅಣು ಒಡೆಯುವುದಿಲ್ಲ. ಅದರ ಆಕ್ಸಿಜನ್-ಹೈಡ್ರೋಜನ್ ತುದಿಗಳು ನೀರಿನೊಡನೆ ಹೈಡ್ರೋಜನ್ ಬಂಧ (ಒಂದು ಅಣುವಿನ ಹೈಡ್ರೋಜನ್‌ಗೂ ಇನ್ನೊಂದರ ಆಕ್ಸಿಜನ್‌ಗೂ ನಡುವಿನ ಸೆಳೆತ) ಹಾಕಿಕೊಂಡು ಇಡಿಯಾಗಿಯೇ ತೇಲಿಹೋಗುತ್ತದೆ. ಉಪ್ಪು ಹಾಗಲ್ಲ, ಸೋಡಿಯಂ ಬೇರೆ, ಕ್ಲೋರೈಡ್ ಬೇರೆಯಾಗುತ್ತದೆ.

ಅಯಸ್ಕಾಂತದ ಅಣುಗಳು

ಹೆಚ್ಚು ಹೊತ್ತು ಹಿಡಿಯುವ ಭಾಗ ಇದು, ಹಾಗೆಯೇ ಹೆಚ್ಚು ಕಲಿಸುವ ಭಾಗವೂ ಇದೇ. ಅಳತೆ ಹೀಗಿರಲಿ: ಒಂದು ಆಂಗ್‌ಸ್ಟ್ರಮ್‌ಗೆ (ಸೆಂ.ಮೀ.ನ ಹತ್ತು ಕೋಟಿಯಲ್ಲೊಂದು ಭಾಗ) ಒಂದು ಸೆಂ.ಮೀ. ಆಗ ಸೋಡಿಯಂ ಅಯಾನು 2 ಸೆಂ.ಮೀ. ಗುಂಡು, ಕ್ಲೋರೈಡ್ 3.6 ಸೆಂ.ಮೀ., ನೀರಿನ ಆಕ್ಸಿಜನ್ 3 ಸೆಂ.ಮೀ. ಹೈಡ್ರೋಜನ್ ಗುಂಡಿನ ಅಡ್ಡಳತೆ 2.4 ಸೆಂ.ಮೀ. ಆದರೂ ಎರಡರ ಕೇಂದ್ರಗಳ ಅಂತರ ಬರೀ 0.96 ಸೆಂ.ಮೀ. ಅಂದರೆ ಹೈಡ್ರೋಜನ್ನಿನ ಬಹುಭಾಗ ಆಕ್ಸಿಜನ್ನಿನ ಒಳಗೇ ಹುದುಗಿರುತ್ತದೆ, ಹೊರಗೆ ಕಾಣುವುದು ಆರೇಳು ಮಿ.ಮೀ. ಉಬ್ಬು ಅಷ್ಟೇ. ಗೋಡೆ ಚಾರ್ಟುಗಳಲ್ಲಿ ಕಡ್ಡಿ ಚುಚ್ಚಿದ ಹಾಗೆ ದೂರ ನಿಂತ ಹೈಡ್ರೋಜನ್ ನೋಡಿ ರೂಢಿಯಾದವರಿಗೆ ಈ ಗುಂಡು ವಿಚಿತ್ರ ಕಾಣುತ್ತದೆ, ಆದರೆ ಸರಿಯಾದದ್ದು ಇದು.

ಗುಂಡುಗಳನ್ನು ಎಂ-ಸೀಲಿನಲ್ಲಿ ಉರುಟಿ. ದೊಡ್ಡವುಗಳ ಹೊಟ್ಟೆಯೊಳಗೆ ಥರ್ಮೋಕೋಲ್ ಇಟ್ಟರೆ ಹಗುರ, ಖರ್ಚೂ ಕಡಿಮೆ. ಹನ್ನೆರಡು ನೀರಿನ ಅಣು, ಎಂಟು ಸೋಡಿಯಂ, ಎಂಟು ಕ್ಲೋರೈಡ್ ಬೇಕು. ಎರಡು ಹೈಡ್ರೋಜನ್ ಉಬ್ಬುಗಳ ನಡುವಿನ ಕೋನ 104.5 ಡಿಗ್ರಿ. ರಟ್ಟಿನಲ್ಲಿ ಕೋನದ ಅಚ್ಚು ಕತ್ತರಿಸಿಟ್ಟುಕೊಂಡು ಪ್ರತಿ ಗುಂಡನ್ನೂ ಅದಕ್ಕೆ ಹಿಡಿದು ನೋಡಿ.

ಅಯಸ್ಕಾಂತಗಳು 4 ಮಿ.ಮೀ. ಅಡ್ಡಳತೆ, 2 ಮಿ.ಮೀ. ದಪ್ಪದ ನಿಯೋಡಿಮಿಯಂ ಬಿಲ್ಲೆಗಳು, 140 ಇದ್ದರೆ ಸಾಕು. ನೀರಿನ ಪ್ರತಿ ಹೈಡ್ರೋಜನ್ ತುದಿಗೆ ಒಂದೊಂದು, ಉತ್ತರ ಮುಖ ಹೊರಗೆ. ಆಕ್ಸಿಜನ್ನಿನ ಹಿಂಬದಿಗೆ ಎರಡು, ದಕ್ಷಿಣ ಮುಖ ಹೊರಗೆ. ಸೋಡಿಯಂಗೆ ಸುತ್ತ ನಾಲ್ಕು, ನೆತ್ತಿಗೊಂದು, ಎಲ್ಲ ಉತ್ತರ. ಕ್ಲೋರೈಡ್‌ಗೂ ಅಷ್ಟೇ, ಎಲ್ಲ ದಕ್ಷಿಣ. ಮುಖ ತಿಳಿಯಲು ಒಂದು ಬಿಲ್ಲೆಯನ್ನು ಮಾನದಂಡವಾಗಿ ಎತ್ತಿಟ್ಟು, ಅದಕ್ಕೆ ಅಂಟಿದ ಮುಖಕ್ಕೆಲ್ಲ ಕೆಂಪು ಚುಕ್ಕೆ ಹಾಕಿ. ಚುಕ್ಕೆ ಹಾಕದೆ ಅಂಟಿಸಿದರೆ ಒಂದೆರಡು ತಿರುಗಾಮುರುಗಾ ಆಗುವುದು ಖಂಡಿತ, ಗಟ್ಟಿಯಾದ ಎಂ-ಸೀಲಿನಿಂದ ಕೀಳುವಾಗ ಬಿಲ್ಲೆ ಚೂರಾಗುತ್ತದೆ. ಹಸಿ ಇದ್ದಾಗ ಗುಂಡುಗಳನ್ನು ಹತ್ತು ಸೆಂ.ಮೀ. ದೂರ ದೂರ ಇಡಿ, ಇಲ್ಲವಾದರೆ ಒಂದರ ಬಿಲ್ಲೆ ಹಾರಿ ಇನ್ನೊಂದಕ್ಕೆ ಕಚ್ಚುತ್ತದೆ. ಬೇಗ ಒಣಗಲಿ ಎಂದು ಒಲೆಯ ಹತ್ತಿರ ಇಡಬಾರದು. 80 ಡಿಗ್ರಿ ದಾಟಿದರೆ ಸಾದಾ ನಿಯೋಡಿಮಿಯಂ ಬಲ ಕಳೆದುಕೊಳ್ಳುತ್ತದೆ. ಇನ್ನೊಂದು ಮಾತು: ಚಿಕ್ಕ ಮಕ್ಕಳು ಎರಡು ಬಿಲ್ಲೆ ನುಂಗಿದರೆ ಕರುಳಿನಲ್ಲಿ ಕಚ್ಚಿಕೊಂಡು ಜೀವಕ್ಕೇ ಅಪಾಯ. ಸಡಿಲ ಬಿಲ್ಲೆಗಳನ್ನು ಎಣಿಸಿಯೇ ಡಬ್ಬಿಗೆ ಹಾಕಿ.

ಹದಿಮೂರನೆಯದಾಗಿ ಬೇಕೆಂದೇ ಒಂದು ‘ನೇರ ನೀರು’ ಮಾಡಿ, ಅದರ ಹೈಡ್ರೋಜನ್‌ಗಳು 180 ಡಿಗ್ರಿಯಲ್ಲಿ ಎದುರುಬದುರು. ಇದು ಜೋಡಿಯ ‘ಆಗುವುದಿಲ್ಲ’ ಭಾಗ. ವಿದ್ಯುದೃಣತೆ, ಅಂದರೆ ಬಂಧದ ಇಲೆಕ್ಟ್ರಾನುಗಳನ್ನು ತನ್ನೆಡೆಗೆ ಎಳೆಯುವ ಬಲ, ಆಕ್ಸಿಜನ್‌ಗೆ 3.44, ಹೈಡ್ರೋಜನ್‌ಗೆ 2.20. ಹಾಗಾಗಿ ಇಲೆಕ್ಟ್ರಾನುಗಳು ಆಕ್ಸಿಜನ್ ಕಡೆ ವಾಲುತ್ತವೆ, ಅದು ನೇರ ಅಣುವಿನಲ್ಲೂ ಹಾಗೆಯೇ. ಆದರೆ ಎಳೆತಗಳು ಎದುರುಬದುರಾದರೆ ಒಟ್ಟು ಸೊನ್ನೆ. ಕಾರ್ಬನ್ ಡೈಆಕ್ಸೈಡಿನಲ್ಲಿ ಆಗುವುದು ಇದೇ. ಬಾಗಿದ ನೀರಿಗೆ 1.85 ಡಿಬೈ ದ್ವಿಧ್ರುವ ಮಹತ್ವ (ಅಣುವಿನ ಧನ-ಋಣ ಬದಿಗಳು ಎಷ್ಟು ಬೇರ್ಪಟ್ಟಿವೆ ಎಂಬ ಅಳತೆ) ಉಳಿಯುತ್ತದೆ. ಬಂಧ ಧ್ರುವೀಯವಾಗಿದ್ದರೆ ಸಾಲದು, ಆಕಾರವೂ ಒಪ್ಪಬೇಕು.

ಈಗ ಸೋಡಿಯಂ, ಕ್ಲೋರೈಡ್‌ಗಳನ್ನು ತಟ್ಟೆಯಲ್ಲಿ ನಾಲ್ಕು ಬೈ ನಾಲ್ಕರ ಚೌಕವಾಗಿ ಜೋಡಿಸಿ, ಸುತ್ತ ನೀರಿನ ಅಣು ಹಾಕಿ ತಟ್ಟೆಯನ್ನು ಅತ್ತಿತ್ತ ಅಲುಗಿಸಿ. ಮೊದಲು ಕಳಚುವುದು ಮೂಲೆಯವು, ಎರಡೇ ಕಡೆ ಹಿಡಿತ ಇರುವುದರಿಂದ. ನಿಜವಾದ ಹರಳಿನ ಮೂಲೆಯಲ್ಲಿ ಹಿಡಿತ ಮೂರು ಕಡೆ. ಕಳಚಿದ ಸೋಡಿಯಂ ಸುತ್ತ ನೀರು ಆಕ್ಸಿಜನ್ ಬದಿ ತಿರುಗಿಸಿ ನಿಲ್ಲುತ್ತದೆ, ಕ್ಲೋರೈಡ್ ಸುತ್ತ ಹೈಡ್ರೋಜನ್ ಬದಿ. ತಟ್ಟೆ ಸ್ಟೀಲಿನದಾದರೆ ಎಲ್ಲ ತಳಕ್ಕೇ ಅಂಟಿ ಕೂರುತ್ತವೆ, ಪ್ಲಾಸ್ಟಿಕ್ ತಟ್ಟೆ ಬೇಕು.

ಎರಡು ಬಣ್ಣದ ಕೊಳವೆ

ಮುಚ್ಚಳವಿರುವ 30 ಮಿ.ಲೀ. ಗಾಜಿನ ಕೊಳವೆಯಲ್ಲಿ ಕೆಳಗೆ ನೀಲಿ, ಮೇಲೆ ನೇರಳೆ. ಕೆಳಗಿನದು ಮೈಲುತುತ್ತದ (ತಾಮ್ರದ ಸಲ್ಫೇಟ್) ನೀರು: ಒಂದು ಗ್ರಾಂ ತುತ್ತ, ಹತ್ತು ಮಿ.ಲೀ. ಡಿಸ್ಟಿಲ್ಡ್ ನೀರು. ಬೋರಿನ ನೀರಿಗೆ ಹಾಕಿದರೆ ಬೈಕಾರ್ಬನೇಟ್ ಜೊತೆ ಸೇರಿ ತಿಳಿ ನೀಲಿ ಗಸಿ ಕೂರುತ್ತದೆ. ಎರಡು ಹನಿ ಬಿಳಿ ವಿನೆಗರ್ ಹಾಕಿದರೆ ತಿಳಿಯಾಗುತ್ತದೆ. ಮೇಲೆ ಹತ್ತು ಮಿ.ಲೀ. ಲಿಕ್ವಿಡ್ ಪ್ಯಾರಾಫಿನ್, ಔಷಧಿ ಅಂಗಡಿಯದು. ಅದರಲ್ಲಿ ಮೊದಲೇ ಸಾಸಿವೆಯಷ್ಟು ಅಯೋಡಿನ್ ಹರಳು ಪುಡಿಮಾಡಿ, ಬಿಸಿ ನೀರಲ್ಲಿ ಕೊಳವೆ ಇಟ್ಟು ಕರಗಿಸಿರಬೇಕು. ಪ್ಯಾರಾಫಿನ್ ಮಂದ, ಅವಸರಕ್ಕೆ ಬಗ್ಗುವುದಿಲ್ಲ.

ಕೆಡುವ ದಾರಿಗಳು ಹಲವು. ಹರಳಿನ ಬದಲು ಟಿಂಚರ್ ಅಯೋಡಿನ್ ಹಾಕಿದರೆ ಅದರಲ್ಲಿರುವ ಅಯೋಡೈಡ್ ತಾಮ್ರದೊಡನೆ ಸೇರಿ ಕೆಳಗೆ ಕೊಳಕು ಗಸಿ ಮಾಡುತ್ತದೆ. ಪೊವಿಡೋನ್ ಅಯೋಡಿನ್ ಅಯೋಡಿನ್ನನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಶೇಂಗಾ ಎಣ್ಣೆಯಲ್ಲಿ ನೇರಳೆಯ ಬದಲು ಕಂದು. ರೇಷನ್ ಸೀಮೆ ಎಣ್ಣೆಗೆ ಮೊದಲೇ ನೀಲಿ ಬಣ್ಣ ಬೆರೆಸಿರುತ್ತಾರೆ. ಟರ್ಪೆಂಟೈನ್ ಮಾತ್ರ ಖಂಡಿತ ಬೇಡ, ಅಯೋಡಿನ್ ಜೊತೆ ಅದು ರಭಸದಿಂದ ವರ್ತಿಸಿ ಕಾದು ಸಿಡಿಯುತ್ತದೆ.

ಕೊಳವೆಯನ್ನು ಎಷ್ಟೇ ಕುಲುಕಿದರೂ ಹೊತ್ತು ಕಳೆದ ಮೇಲೆ ನೀಲಿ ಕೆಳಗೆ, ನೇರಳೆ ಮೇಲೆ. ಅಯೋಡಿನ್ ಎರಡು ಒಂದೇ ಬಗೆಯ ಪರಮಾಣುಗಳ ಅಣು, ಅದಕ್ಕೆ ಧ್ರುವಗಳೇ ಇಲ್ಲ. ಲೀಟರ್ ನೀರಿಗೆ ಅದು 0.3 ಗ್ರಾಂ ಸುಮಾರು ಮಾತ್ರ ಕರಗುತ್ತದೆ. ನೀರು ಅದನ್ನು ದ್ವೇಷಿಸುವುದೇನಿಲ್ಲ. ನೀರಿನ ಅಣುಗಳ ನಡುವಿನ ಹೈಡ್ರೋಜನ್ ಬಂಧಗಳನ್ನು ಬಿಟ್ಟುಕೊಡಲು ತಕ್ಕ ಪ್ರತಿಫಲ ಅಯೋಡಿನ್ ಬಳಿ ಇಲ್ಲ.

ಇದರ ಮುಂದಿನ ಹೆಜ್ಜೆಯೇ ಈ ಕಿಟ್ಟಿನಲ್ಲಿ ಅತಿ ಚೆಂದದ್ದು. ಇನ್ನೊಂದು ಕೊಳವೆಯಲ್ಲಿ ತುತ್ತ ಬೇಡ, ಬರೀ ಹತ್ತು ಮಿ.ಲೀ. ನೀರು, ಮೇಲೆ ನೇರಳೆ ಪ್ಯಾರಾಫಿನ್. 500 ಮಿ.ಗ್ರಾಂ. ವಿಟಮಿನ್ ಸಿ ಮಾತ್ರೆಯ ಕಾಲು ಭಾಗ ಪುಡಿಮಾಡಿ ಹಾಕಿ ಎರಡು ನಿಮಿಷ ಕುಲುಕಿ. ನೇರಳೆ ಮಾಯ. ವಿಟಮಿನ್ ಸಿ ಅಯೋಡಿನ್ನಿಗೆ ಇಲೆಕ್ಟ್ರಾನ್ ಕೊಟ್ಟು ಅಯೋಡೈಡ್ ಅಯಾನಾಗಿಸಿತು, ಅಯಾನಿಗೆ ಎಣ್ಣೆಯಲ್ಲಿ ಜಾಗವಿಲ್ಲ, ನೀರಿಗಿಳಿಯಿತು. ಅದೇ ಧಾತು, ವಿದ್ಯುದಂಶ ಬಂದ ಕೂಡಲೇ ಮನೆ ಬದಲಾಯಿತು. ಬಳಸಿದ ಅಯೋಡಿನ್ ವಿಲೇವಾರಿಗೂ ಇದೇ ದಾರಿ. ತುತ್ತದ ನೀರನ್ನು ಮಾತ್ರ ಚರಂಡಿಗೆ ಚೆಲ್ಲಬೇಡಿ, ಮೀನು ಕಪ್ಪೆಗಳಿಗೆ ತಾಮ್ರ ವಿಷ. ಬಾಟಲಿಯಲ್ಲಿಟ್ಟು ಮತ್ತೆ ಬಳಸಿ.

ತಣ್ಣಗಾಗುವ ಲೋಟ

ಒಂದರೊಳಗೊಂದು ಇಟ್ಟ ಎರಡು ಕಾಗದದ ಲೋಟ, 50 ಮಿ.ಲೀ. ನೀರು, ಸ್ಪಿರಿಟ್ ಥರ್ಮಾಮೀಟರ್. ಹತ್ತು ಗ್ರಾಂ ನವಸಾಗರ (ಅಮೋನಿಯಂ ಕ್ಲೋರೈಡ್) ಹಾಕಿ ಕಲಕಿದರೆ ಹತ್ತು ಡಿಗ್ರಿ ಆಸುಪಾಸು ಇಳಿಯುತ್ತದೆ. ಬೀದರಿನಲ್ಲಿ ಬಿದರಿ ಪಾತ್ರೆ ಕಪ್ಪಾಗಿಸಲು ಕೋಟೆಯ ಮಣ್ಣಿನ ಜೊತೆ ನೀರಲ್ಲಿ ಕುದಿಸುವುದು ಇದೇ ನವಸಾಗರವನ್ನು. ಹತ್ತು ಗ್ರಾಂ ಯೂರಿಯಾ ಹಾಕಿದರೂ ಇಳಿಕೆ ಹೆಚ್ಚುಕಡಿಮೆ ಅಷ್ಟೇ. ಆದರೆ ದೀಪ ಇಳಿಸಿ ನೋಡಿ: ನವಸಾಗರದಲ್ಲಿ ಪ್ರಖರ, ಶುದ್ಧ ಯೂರಿಯಾದಲ್ಲಿ ಕತ್ತಲೆ. ಗೊಬ್ಬರದ ಅಂಗಡಿಯ ಯೂರಿಯಾಕ್ಕೆ ಬೇವಿನ ಲೇಪ ಇರುತ್ತದೆ, ಕಲ್ಮಶದಿಂದ ದೀಪ ಮಿಣುಕಬಹುದು. ಲ್ಯಾಬ್ ಯೂರಿಯಾ ತರಿಸಿ.

ಅಡುಗೆ ಉಪ್ಪಿನಲ್ಲಿ ಒಂದೆರಡು ಡಿಗ್ರಿ ಇಳಿದರೆ ಹೆಚ್ಚು. ಯಾಕೆಂದು ಲೆಕ್ಕವೇ ಹೇಳುತ್ತದೆ. ಒಂದು ಮೋಲ್ ಉಪ್ಪಿನ ಹರಳು ಬಿಡಿಸಲು ಬೇಕಾದದ್ದು 787 ಕಿಲೋಜೂಲ್, ಬಿಡಿಯಾದ ಅಯಾನುಗಳನ್ನು ನೀರು ಸುತ್ತುವರಿದಾಗ ಮರಳಿ ಸಿಗುವುದು 783ರಷ್ಟು. ಕೊರತೆ ನಾಲ್ಕು, ಅದನ್ನು ನೀರಿನ ಶಾಖದಿಂದಲೇ ತುಂಬಿಕೊಳ್ಳುತ್ತದೆ. ನಷ್ಟದ ವ್ಯವಹಾರವಾದರೂ ಕರಗುವುದೇಕೆಂದರೆ, ಸಾಲಾಗಿ ಕೂತ ಅಯಾನುಗಳು ಚದುರಿದಾಗ ಎಂಟ್ರೊಪಿ, ಅಂದರೆ ಚದುರುವಿಕೆಯ ಅಳತೆ, ಹೆಚ್ಚುತ್ತದೆ. ಇದೇ ಉಪ್ಪನ್ನು ಪ್ಯಾರಾಫಿನ್ನಿಗೆ ಹಾಕಿ ಗಂಟೆಗಟ್ಟಲೆ ಕಲಕಿದರೂ ಹಾಕಿದ ಹಾಗೇ ಇರುತ್ತದೆ. ಡೈಎಲೆಕ್ಟ್ರಿಕ್ ಸ್ಥಿರಾಂಕ ನೀರಿಗೆ 25 ಡಿಗ್ರಿಯಲ್ಲಿ 78, ಪ್ಯಾರಾಫಿನ್ನಿಗೆ ಎರಡರ ಆಸುಪಾಸು. ನೀರಲ್ಲಿ ಅಯಾನುಗಳ ನಡುವಿನ ಸೆಳೆತ 78ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಪ್ಯಾರಾಫಿನ್ನಿನಲ್ಲಿ ಅರ್ಧಕ್ಕೆ ಮಾತ್ರ.

ಈ 78ನ್ನು ಮಲ್ಟಿಮೀಟರಿನ ಕೆಪಾಸಿಟನ್ಸ್ ಗುಂಡಿಯಿಂದ ಅಳೆದೇ ತೋರಿಸಬೇಕೆಂದು ಎರಡು ತಗಡು ನೀರಿಗಿಳಿಸುವ ಯೋಚನೆ ಬಿಡಿ. ಮೀಟರ್ ಕೆಲಸ ಮಾಡುವ ಕಡಿಮೆ ಆವರ್ತನದಲ್ಲಿ ಡಿಸ್ಟಿಲ್ಡ್ ನೀರೂ ವಾಹಕದಂತೆಯೇ ವರ್ತಿಸುತ್ತದೆ. ತಗಡಿಗೆ ಲ್ಯಾಮಿನೇಶನ್ ಮಾಡಿಸಿದರೆ ಬರುವ ಅಂಕಿ ಲ್ಯಾಮಿನೇಶನ್ನಿನದು, ನೀರಿನದಲ್ಲ.

ಬಾಗುವ ಎಳೆ: ಇಟ್ಟುಕೊಳ್ಳಿ, ಆದರೆ ಸರಿಯಾಗಿ ಹೇಳಿ

ಸಿರಿಂಜಿನಿಂದ ಸುರಿಯುವ ಸಣ್ಣ ನೀರಿನ ಎಳೆಯ ಹತ್ತಿರ ಕುರಿ ಕಂಬಳಿಯಲ್ಲಿ ಉಜ್ಜಿದ ಪಿವಿಸಿ ಪೈಪು ಹಿಡಿದರೆ ಎಳೆ ಬಾಗುತ್ತದೆ. ಕಲಬುರಗಿಯ ಏಪ್ರಿಲ್-ಮೇ ಒಣ ಹವೆಗೆ ಇದು ಹೇಳಿ ಮಾಡಿಸಿದ ಪ್ರಯೋಗ, ಆಗಸ್ಟಿನಲ್ಲಿ ಪೈಪಿನ ಮೇಲೆ ವಿದ್ಯುದಂಶ ನಿಲ್ಲುವುದೇ ಇಲ್ಲ. ಎಳೆ ಒಂದು ಮಿ.ಮೀ. ದಪ್ಪ ಇರಲಿ, ಪೈಪು ಎರಡು-ಮೂರು ಸೆಂ.ಮೀ. ದೂರ. ಪೈಪಿಗೆ ನೀರು ತಗುಲಿದರೆ ಒರೆಸಿ ಮತ್ತೆ ಉಜ್ಜಬೇಕು.

‘ನೀರು ಧ್ರುವೀಯವಾದ್ದರಿಂದ ಬಾಗಿತು’ ಎಂಬ ವಿವರಣೆ ಪಠ್ಯಗಳಲ್ಲಿ ಎಲ್ಲೆಡೆ ಇದೆ, ಸರಿಯಲ್ಲ. ದ್ವಿಧ್ರುವವನ್ನು ಪೈಪಿನ ಕ್ಷೇತ್ರ ಒಂದು ತುದಿಯಲ್ಲಿ ಎಳೆದರೆ ಇನ್ನೊಂದು ತುದಿಯಲ್ಲಿ ನೂಕುತ್ತದೆ, ಉಳಿಯುವ ವ್ಯತ್ಯಾಸ ತೀರಾ ಕಡಿಮೆ. ಅಷ್ಟು ಬಾಗಿಸುವುದು ಪ್ರೇರಿತ ವಿದ್ಯುದಂಶ. ಋಣ ಪೈಪು ಹತ್ತಿರ ಬಂದಾಗ ನೀರಿನಲ್ಲಿರುವ ಅಯಾನುಗಳು ಸರಿದು ಎಳೆ ಧನವಾಗುತ್ತದೆ, ಹನಿಗಳು ಅದನ್ನು ಹೊತ್ತೇ ಬೀಳುತ್ತವೆ. ಥರ್ಮೋಕೋಲಿನ ಮೇಲೆ ಸ್ಟೀಲ್ ಲೋಟ ಇಟ್ಟು, ಅದಕ್ಕೆ ತೆಳು ಲೋಹದ ಹಾಳೆಯ ಎರಡು ಎಲೆಗಳಿರುವ ವಿದ್ಯುದ್ದರ್ಶಕ (ವಿದ್ಯುದಂಶ ಬಂದರೆ ತೋರಿಸುವ ಸಾಧನ) ಜೋಡಿಸಿ ಆ ಹನಿಗಳನ್ನು ಹಿಡಿಯಿರಿ. ಎಲೆಗಳು ಅಗಲುತ್ತವೆ. ಬರೀ ದ್ವಿಧ್ರುವದ ಆಟವಾಗಿದ್ದರೆ ಲೋಟಕ್ಕೆ ಏನೂ ಬರಬಾರದಿತ್ತು.

ಕಲ್ಲಿನ ಪುಡಿ

ಡ್ರಿಲ್ಲಿನ ಬೂದು ಪುಡಿಯನ್ನು ಡಿಸ್ಟಿಲ್ಡ್ ನೀರಲ್ಲಿ ಎರಡು ಸಲ ತೊಳೆದು ನೀರು ಬಸಿಯಿರಿ, ಕೈ ಬೆವರಿನ ಉಪ್ಪಾದರೂ ಹೋಗಲಿ. ಒಂದು ಗ್ರಾಂ ಪುಡಿ, 100 ಮಿ.ಲೀ. ನೀರು, ಐದು ನಿಮಿಷ ಕಲಕಿ ಕೂರಲು ಬಿಡಿ. ಪುಡಿಯೆಲ್ಲ ತಳದಲ್ಲೇ ಇರುತ್ತದೆ. ದೀಪ ಹೊತ್ತದೆ ಇರಬಹುದು ಅಥವಾ ಮಂಕಾಗಿ ಮಿಣುಕಬಹುದು. ಎರಡೂ ಸರಿಯಾದ ಉತ್ತರವೇ, ಕರಗದ ವಸ್ತು ಎಂದರೆ ಬಹಳ ಕಡಿಮೆ ಕರಗುವ ವಸ್ತು. ಸುಣ್ಣದಕಲ್ಲಿನ ಮುಖ್ಯ ವಸ್ತು ಕ್ಯಾಲ್ಸಿಯಂ ಕಾರ್ಬನೇಟ್. ಅದು ಶುದ್ಧವಾಗಿದ್ದರೆ ಲೀಟರಿಗೆ 14 ಮಿ.ಗ್ರಾಂ. ಆಸುಪಾಸು ಕರಗುತ್ತದೆ, ಉಪ್ಪು ಅದೇ ಲೀಟರಿಗೆ 360 ಗ್ರಾಂ. ಉಪ್ಪಿನಲ್ಲಿ ಒಂದೊಂದೇ ವಿದ್ಯುದಂಶದ ಅಯಾನುಗಳು, ಇಲ್ಲಿ ಎರಡೆರಡರವು. ಹರಳು ಬಿಡಿಸಲು ಬೇಕಾದ ಶಕ್ತಿ ಮೋಲಿಗೆ ಸುಮಾರು 2800 ಕಿಲೋಜೂಲ್. ನೀರು ಇವುಗಳನ್ನೂ ಬಲವಾಗಿಯೇ ಸುತ್ತುವರಿಯುತ್ತದೆ, ಆದರೆ ಅಷ್ಟು ಬಿಗಿಯಾಗಿ ಸುತ್ತಿಕೊಂಡ ನೀರು ತನ್ನ ಸ್ವಾತಂತ್ರ್ಯ ಕಳೆದುಕೊಂಡು ಎಂಟ್ರೊಪಿಯ ಲಾಭವನ್ನೂ ತಿಂದುಹಾಕುತ್ತದೆ.

ಈಗ ಅದೇ ಲೋಟಕ್ಕೆ ಸ್ಟ್ರಾ ಇಟ್ಟು ಮೂರ್ನಾಲ್ಕು ನಿಮಿಷ ಊದಿಸಿ, ನಡುನಡುವೆ ಪುಡಿ ಕಲಕುತ್ತಿರಲಿ. ಹೀರಬಾರದು, ಊದಬೇಕು ಅಷ್ಟೇ. ದೀಪ ಮೊದಲಿಗಿಂತ ಸ್ಪಷ್ಟವಾಗಿ ಬೆಳಗುತ್ತದೆ. ಜೋಡಿಗೆ ಪುಡಿಯಿಲ್ಲದ ಡಿಸ್ಟಿಲ್ಡ್ ನೀರಿಗೂ ಅಷ್ಟೇ ಹೊತ್ತು ಊದಿ, ಅಲ್ಲಿ ಕತ್ತಲೆ. ಉಸಿರಿನ ಕಾರ್ಬನ್ ಡೈಆಕ್ಸೈಡ್ ತಾನೊಂದೇ ಆ ದೀಪ ಹೊತ್ತಿಸುವಷ್ಟು ಅಯಾನು ಕೊಡುವುದಿಲ್ಲ. ಕಲ್ಲಿದ್ದಾಗ ಮಾತ್ರ ಕಾರ್ಬನೇಟ್ ಬೈಕಾರ್ಬನೇಟಾಗುತ್ತದೆ, ಎರಡರ ವಿದ್ಯುದಂಶ ಒಂದಕ್ಕಿಳಿಯುತ್ತದೆ, ನೀರಿಗೆ ಹಿಡಿತ ಸಿಗುತ್ತದೆ. ಬೋರಿನ ನೀರು ಗಡಸಾಗುವುದೂ ಹೀಗೆಯೇ, ಅಲ್ಲಿ ಊದುವುದು ಮಣ್ಣಿನೊಳಗಿನ ಬೇರು ಮತ್ತು ಸೂಕ್ಷ್ಮಜೀವಿಗಳು. ಹೋಲಿಸಲು ಟಿಡಿಎಸ್ ಪೆನ್ನಿನ ಮೂರು ಓದು ಬರೆದಿಡಿ: ಊದುವ ಮೊದಲು, ಊದಿದ ಮೇಲೆ, ಶಾಲೆಯ ಬೋರಿನದು.

ಮಳೆಗಾಲಕ್ಕೆ ಎತ್ತಿಡುವಾಗ ಅಯೋಡಿನ್ ಹರಳನ್ನು ಗಾಜಿನ ಬಿರಡೆಯ ಬಾಟಲಿಯಲ್ಲೇ ಇಡಿ. ಅದರ ಆವಿ ಕಬ್ಬಿಣದ ಮುಚ್ಚಳವನ್ನೂ ಪಕ್ಕದ ಡಬ್ಬಿಯ ಅಯಸ್ಕಾಂತಗಳ ನಿಕ್ಕಲ್ ಲೇಪವನ್ನೂ ತಿನ್ನುತ್ತದೆ. ಬ್ಯಾಟರಿ ಕಳಚಿ, ಇಂಗಾಲದ ಕಡ್ಡಿಗಳನ್ನು ಡಿಸ್ಟಿಲ್ಡ್ ನೀರಲ್ಲಿ ಒಂದು ರಾತ್ರಿ ನೆನೆಸಿ ಒಣಗಿಸಿ. ಅವುಗಳ ರಂಧ್ರಗಳಲ್ಲಿ ಉಪ್ಪು ಉಳಿದರೆ ಮುಂದಿನ ಸಲ ಶುದ್ಧ ನೀರಲ್ಲೇ ದೀಪ ಹೊತ್ತುತ್ತದೆ.